ನಂದಾದೇವಿಯ ಅಂಗಳದಲ್ಲಿ

ಕನ್ನಡ ನಾಡಿಗೂ ಹಿಮಾಲಯಕ್ಕೂ ಇರುವ ನಂಟು ಬಹು ಹಳೆಯದು. ಕೇದಾರನಾಥದ ಪ್ರಧಾನ ಗುರುಗಳಾದ ರಾವಲರು ಕರ್ನಾಟಕ ಮೂಲದ ವೀರಶೈವ ಪರಂಪರೆಯವರು. ಚಳಿಗಾಲದಲ್ಲಿ ಕೇದಾರವು ಹಿಮದಲ್ಲಿ ಹುದುಗಿದಾಗ ದೇವರ ಉತ್ಸವಮೂರ್ತಿಯು ಊಖೀಮಠಕ್ಕೆ ಇಳಿದು ಬರುತ್ತದೆ. ವರ್ಷವರ್ಷವೂ ನಮ್ಮ ಹಳ್ಳಿ ಪಟ್ಟಣಗಳಿಂದ ಭಕ್ತಾದಿಗಳು ಕೇದಾರವನ್ನು ಕಂಡು, ಜೋಷಿಮಠದ ಮೇಲೆ ಹಾಯ್ದು ಬದರಿಯ ಕಡೆಗೆ ಸಾಗುತ್ತಾರೆ. ಆದರೆ ಜೋಷಿಮಠದಿಂದಾಚೆಗೆ ಆ ಯಾತ್ರಾಮಾರ್ಗದಿಂದ ಕವಲೊಡೆಯುವ ಎರಡು ದಾರಿಗಳನ್ನು ಗಮನಿಸುವವರು ವಿರಳ. ಒಂದು ಧೌಲಿಗಂಗೆಯ ಜೊತೆಯಲ್ಲಿ ಪೂರ್ವಕ್ಕೆ ತಿರುಗಿ ನಂದಾದೇವಿ ರಾಷ್ಟ್ರೀಯ ಉದ್ಯಾನದ ಹೊಸ್ತಿಲಿಗೆ ಹೋಗುತ್ತದೆ. ಇನ್ನೊಂದು ಗೋವಿಂದಘಾಟಿನಿಂದ ಏರಿ ಹೂಕಣಿವೆಯ ರಾಷ್ಟ್ರೀಯ ಉದ್ಯಾನವನ್ನು ಸೇರುತ್ತದೆ.

ಈ ಎರಡು ಉದ್ಯಾನಗಳೂ ಒಂದೇ ಪರ್ವತಸ್ತೋಮದ ಮಕ್ಕಳು; ಎರಡೂ ರಾಷ್ಟ್ರೀಯ ಉದ್ಯಾನಗಳಾದದ್ದು 1982ರಲ್ಲಿ. ನಂದಾದೇವಿಯು 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2005ರಲ್ಲಿ ಹೂಕಣಿವೆಯನ್ನೂ ಅದರೊಡನೆ ಸೇರಿಸಲಾಯಿತು. ಆದರೆ ಒಂದರ ಬಾಗಿಲು ಮುಚ್ಚಿದೆ, ಇನ್ನೊಂದರ ಬಾಗಿಲು ವರ್ಷದಲ್ಲಿ ಐದು ತಿಂಗಳು ತೆರೆದಿರುತ್ತದೆ. ಮುಚ್ಚಿದ್ದೇಕೆ, ತೆರೆದದ್ದು ಹೇಗೆ, ಅದರಿಂದ ಯಾರಿಗೆ ಲಾಭವಾಯಿತು, ಯಾರಿಗೆ ನಷ್ಟವಾಯಿತು ಎಂಬುದನ್ನು ವಿಚಾರಿಸಿದರೆ, ಮನುಷ್ಯನು ಪ್ರಕೃತಿಯ ಬಳಿಗೆ ಹೋಗಬೇಕಾದ ರೀತಿ ಯಾವುದು ಎಂಬ ಪ್ರಶ್ನೆಗೆ ಕೆಲಮಟ್ಟಿನ ಉತ್ತರ ದೊರೆಯುತ್ತದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಅಧ್ಯಾಪಕರಿಗೆ ಈ ವಿಚಾರವು ಅಪ್ರಸ್ತುತವಾಗಲಾರದು.

ಪರ್ವತದ ಕೋಟೆ

ನಂದಾದೇವಿ ಶಿಖರದ ಎತ್ತರ 7,816 ಮೀಟರು. ನೇಪಾಳದ ಗಡಿಯ ಮೇಲಿರುವ ಕಾಂಚನಜುಂಗವನ್ನು ಬಿಟ್ಟರೆ, ಸಂಪೂರ್ಣವಾಗಿ ಭಾರತದ ನೆಲದೊಳಗೇ ನಿಂತ ಪ್ರಸಿದ್ಧ ಮಹಾಶಿಖರಗಳಲ್ಲಿ ಇದು ಅಗ್ರಗಣ್ಯವಾದುದು. ಇದರ ವೈಶಿಷ್ಟ್ಯವು ಕೇವಲ ಎತ್ತರದಲ್ಲಿಲ್ಲ. ಶಿಖರದ ಸುತ್ತಲೂ ಹಿಮಾಚ್ಛಾದಿತ ಪರ್ವತಗಳು ಕೈಕೈ ಹಿಡಿದು ನಿಂತು ಒಂದು ದುರ್ಗಮವಾದ ಕೋಟೆಯನ್ನು ನಿರ್ಮಿಸಿವೆ. ಆ ಕೋಟೆಯೊಳಗಣ ನೀರೆಲ್ಲವೂ ಋಷಿಗಂಗೆಯಾಗಿ ಪಶ್ಚಿಮದ ಒಂದೇ ಒಂದು ಕಡಿದಾದ ಕಮರಿಯಿಂದ ಹೊರಬೀಳುತ್ತದೆ. ನದಿಗೆ ಹೊರಬರಲು ಇರುವ ಆ ಸೀಳೇ ಮನುಷ್ಯನಿಗೆ ಒಳಹೋಗಲು ಇರುವ ದಾರಿ.

1883ರಿಂದ ಮೊದಲುಗೊಂಡು ಅನೇಕರು ಈ ಕೋಟೆಯನ್ನು ಭೇದಿಸಲು ಯತ್ನಿಸಿ ಹಿಂದಿರುಗಿದರು. ಕೊನೆಗೆ 1934ರಲ್ಲಿ ಎರಿಕ್ ಶಿಪ್ಟನ್ ಮತ್ತು ಟಿಲ್ಮನ್ ಎಂಬಿಬ್ಬರು ಆಂಗ್ಲರು, ಅಂಗ್ ಥಾರ್ಕೆ, ಪಸಂಗ್ ಮತ್ತು ಕುಸಂಗ್ ಎಂಬ ಮೂವರು ಶೆರ್ಪಾಗಳ ಜೊತೆಯಲ್ಲಿ, ಋಷಿಗಂಗೆಯ ಕಮರಿಯ ಗೋಡೆಗಳನ್ನು ಅಂಟಿಕೊಂಡೇ ತೆವಳಿ ಒಳ ಅಂಗಳವನ್ನು ಪ್ರವೇಶಿಸಿದರು. ಅಲ್ಲಿ ಅವರು ಕಂಡದ್ದು ವಿಶಾಲವಾದ ಹುಲ್ಲುಗಾವಲು, ಹೂಗಳು ಮತ್ತು ಮನುಷ್ಯರ ಭಯವನ್ನೇ ಅರಿಯದಂತೆ ಮೇಯುತ್ತಿದ್ದ ಭರಲ್ ಎಂಬ ಕಾಡುಕುರಿಗಳ ಹಿಂಡು. ಎರಡು ವರ್ಷಗಳ ಅನಂತರ, 1936ರ ಆಗಸ್ಟ್ 29ರಂದು, ಟಿಲ್ಮನ್ ಮತ್ತು ಓಡೆಲ್ ಶಿಖರದ ತುದಿಯನ್ನು ಮುಟ್ಟಿದರು. 1950ರಲ್ಲಿ ಅನ್ನಪೂರ್ಣಾ ಶಿಖರವನ್ನು ಏರುವವರೆಗೆ, ಮನುಷ್ಯನು ತುದಿಮುಟ್ಟಿದ ಅತ್ಯುನ್ನತ ಶಿಖರವೆಂಬ ಕೀರ್ತಿ ನಂದಾದೇವಿಯದಾಗಿತ್ತು.

ಪರ್ವತಾರೋಹಿಗಳಿಗೆ ಅದು ಶಿಖರ. ಗಢವಾಲ ಮತ್ತು ಕುಮಾವೂಂ ಪ್ರದೇಶದ ಜನರಿಗಾದರೋ ನಂದೆಯು ಮನೆಯ ಮಗಳು. ಕೈಲಾಸದ ಶಿವನಿಗೆ ಕೊಟ್ಟ ಮಗಳು ತವರಿಗೆ ಬಂದು ಮರಳಿ ಗಂಡನ ಮನೆಗೆ ಹೊರಡುವಳೆಂಬ ಭಾವನೆಯಿಂದ ಅವರು ಸಾಮಾನ್ಯವಾಗಿ ಹನ್ನೆರಡು ವರ್ಷಗಳಿಗೊಮ್ಮೆ ನಂದಾ ರಾಜಜಾತ್ ಎಂಬ ದೀರ್ಘವಾದ ಕಾಲ್ನಡಿಗೆಯ ಯಾತ್ರೆಯನ್ನು ನಡೆಸುತ್ತಾರೆ. 2000 ಮತ್ತು 2014ರಲ್ಲಿ ಅದು ನಡೆಯಿತು. ನಾಲ್ಕು ಕೊಂಬಿನ ಟಗರೊಂದು ಮುಂದೆ ನಡೆಯುತ್ತದೆ. ಹೆಂಗಸರು ಕಣ್ಣೀರಿಡುತ್ತ ದೇವಿಯನ್ನು ಬೀಳ್ಕೊಡುತ್ತಾರೆ. ಭಾದ್ರಪದದಲ್ಲಿ ಗೌರಿಯನ್ನು ತವರಿಗೆ ಬರಮಾಡಿಕೊಂಡು ಮಡಿಲು ತುಂಬಿ ಕಳುಹಿಸುವ ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ಈ ಭಾವವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಬಾಗಿಲು ಮುಚ್ಚಿದ ಬಗೆ

1974ರಲ್ಲಿ ಸರ್ಕಾರವು ಈ ಪ್ರದೇಶವನ್ನು ವಿದೇಶೀ ಆರೋಹಿಗಳಿಗೆ ತೆರೆಯಿತು. ಮುಂದಿನ ಎಂಟು ಒಂಬತ್ತು ವರ್ಷಗಳಲ್ಲಿ ತಂಡದ ಮೇಲೆ ತಂಡ ಬರತೊಡಗಿತು. ಒಂದೊಂದು ತಂಡಕ್ಕೂ ಹೊರೆಯಾಳುಗಳು, ಅವರಿಗೆ ಅಡುಗೆ, ಅಡುಗೆಗೆ ಸೌದೆ. ಎತ್ತರದಲ್ಲಿ ಬೆಳೆಯುವ ಭೂರ್ಜವೃಕ್ಷ ಮತ್ತು ಜುನಿಪರ್ ಪೊದೆಗಳು ತೀರ ನಿಧಾನವಾಗಿ ಬೆಳೆಯತಕ್ಕವು. ಒಂದು ಸಂಜೆಯ ಒಲೆಗೆ ಆಹುತಿಯಾದದ್ದು ಮತ್ತೆ ಬೆಳೆಯಲು ಹಲವು ದಶಕಗಳೇ ಬೇಕು. ಶಿಬಿರದ ಜಾಗಗಳಲ್ಲಿ ತಗಡಿನ ಡಬ್ಬಿ, ಹಗ್ಗ, ಪ್ಲಾಸ್ಟಿಕ್ ಚೀಲಗಳ ರಾಶಿ ಉಳಿಯಿತು. ಜನರ ಹಿಂದೆಯೇ ಕುರಿಮೇಕೆಗಳು ಬಂದವು. ಕಸ್ತೂರಿ ಮೃಗದ ಬೇಟೆಗಾರರೂ ಬಂದರು.

ಈ ಹಾನಿಯನ್ನು ಕಂಡ ಸರ್ಕಾರವು 1982ರಲ್ಲಿ ಸುಮಾರು 630 ಚದರ ಕಿಲೋಮೀಟರುಗಳನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿ, 1983ರಿಂದ ಆರೋಹಣ, ಚಾರಣ, ಮೇವು ಎಲ್ಲವನ್ನೂ ನಿಷೇಧಿಸಿತು. ಹತ್ತು ವರ್ಷಗಳ ಬಳಿಕ, 1993ರಲ್ಲಿ, ಭಾರತೀಯ ಸೇನೆಯ ತಂಡವೊಂದು ವಿಜ್ಞಾನಿಗಳ ಜೊತೆಗೆ ಒಳಹೋಗಿ ಪರಿಸ್ಥಿತಿಯನ್ನು ಪರಿಶೀಲಿಸಿತು. ಹಿಂದಿನ ತಂಡಗಳು ಬಿಟ್ಟುಹೋಗಿದ್ದ ಸುಮಾರು ಒಂದು ಸಾವಿರ ಕಿಲೋಗ್ರಾಂ ಕಸವನ್ನು ಅವರು ಹೊತ್ತು ಹೊರತಂದರು. ಸಸ್ಯಗಳು ಚೇತರಿಸಿಕೊಳ್ಳುತ್ತಿರುವುದೂ ಅವರ ಗಮನಕ್ಕೆ ಬಂದಿತು. ಅಂದಿನಿಂದ ಕೆಲವು ವಿಶೇಷ ತಂಡಗಳನ್ನು ಬಿಟ್ಟರೆ, ಆ ಒಳ ಅಂಗಳಕ್ಕೆ ಸಾಮಾನ್ಯರ ಪ್ರವೇಶವಿಲ್ಲ. ಪರ್ವತವು ತನ್ನಷ್ಟಕ್ಕೆ ತಾನು ಇರಲೆಂದು ನಾಲ್ಕು ದಶಕಗಳಿಗೂ ಮಿಕ್ಕಿ ಬಿಟ್ಟಿರುವ ಉದಾಹರಣೆ ಪ್ರಪಂಚದಲ್ಲಿ ಅಪರೂಪವೆಂದೇ ಹೇಳಬೇಕು.

ಊರವರ ಪಾಲು

ಇಷ್ಟನ್ನೇ ಹೇಳಿ ಮುಗಿಸಿದರೆ ಕಥೆ ಅರ್ಧವಾದೀತು. ಋಷಿಗಂಗೆಯು ಧೌಲಿಗಂಗೆಯನ್ನು ಕೂಡುವಲ್ಲಿ ರೇಣಿ, ಅದರ ಸಮೀಪದಲ್ಲಿ ಲಾತಾ ಎಂಬ ಊರುಗಳಿವೆ. ಅಲ್ಲಿನ ಭೋಟಿಯಾ ಜನರು ತಲೆತಲಾಂತರದಿಂದ ಟಿಬೆಟ್ಟಿನೊಡನೆ ಉಪ್ಪು, ಉಣ್ಣೆ, ಧಾನ್ಯಗಳ ವ್ಯಾಪಾರ ಮಾಡಿ ಬದುಕಿದವರು. 1962ರ ಯುದ್ಧದಿಂದ ಗಡಿ ಮುಚ್ಚಿ ಆ ವ್ಯಾಪಾರ ನಿಂತಿತು. ಬಳಿಕ ಆರೋಹಿಗಳ ಹೊರೆ ಹೊತ್ತು, ದಾರಿ ತೋರಿಸಿ ನಾಲ್ಕು ಕಾಸು ಕಾಣತೊಡಗಿದರು. 1983ರಲ್ಲಿ ಅದೂ ನಿಂತಿತು. ಬೇಸಿಗೆಯ ಮೇವಿನ ನೆಲವೂ ಕೈಬಿಟ್ಟಿತು. ಒಂದೇ ತಲೆಮಾರಿನಲ್ಲಿ ಎರಡು ಬಾಗಿಲುಗಳು ಅವರ ಪಾಲಿಗೆ ಮುಚ್ಚಿದವು. ಎರಡು ಸಲವೂ ಅವರನ್ನು ಕೇಳಿದವರಿಲ್ಲ.

ಈ ಜನರು ಕಾಡಿನ ಶತ್ರುಗಳಾಗಿದ್ದರೆ ಮಾತು ಬೇರೆ. ಆದರೆ 1974ರ ಮಾರ್ಚ್ 26ರಂದು, ಊರಿನ ಗಂಡಸರೆಲ್ಲರೂ ಹೊರಹೋಗಿದ್ದ ಸಮಯದಲ್ಲಿ ಗುತ್ತಿಗೆದಾರನ ಆಳುಗಳು ಮರ ಕಡಿಯಲು ಬಂದಾಗ, ಗೌರಾದೇವಿ ಎಂಬ ವಿಧವೆಯೊಬ್ಬಳ ಮುಂದಾಳ್ತನದಲ್ಲಿ ಇಪ್ಪತ್ತೇಳು ಹೆಂಗಸರು ಅಡ್ಡನಿಂತು ಆ ಕಾಡನ್ನು ಉಳಿಸಿದ್ದು ಇದೇ ರೇಣಿಯಲ್ಲಿ. ಚಿಪ್ಕೋ ಚಳವಳಿಯು ದೇಶದ ಗಮನವನ್ನು ಸೆಳೆದದ್ದು ಆ ದಿನದಿಂದ. 1983ರಲ್ಲಿ ನಮ್ಮ ಶಿರಸಿ ಸೀಮೆಯ ಸಲ್ಕಣಿಯಲ್ಲಿ ಮೊದಲಾದ ಅಪ್ಪಿಕೋ ಚಳವಳಿಗೆ ಸ್ಫೂರ್ತಿಯು ಬಂದದ್ದು ಚಿಪ್ಕೋದಿಂದಲೇ. ಕಾಡನ್ನು ಉಳಿಸಿದವರನ್ನೇ ಕಾಡಿನಿಂದ ಹೊರಗಿಟ್ಟಂತಾಯಿತೆಂಬ ಕೊರಗು ರೇಣಿ ಲಾತಾಗಳ ಜನರನ್ನು ಬಹುಕಾಲ ಬಾಧಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಪ್ರತಿಭಟನೆಗಳಾದವು, ಮಾತುಕತೆಗಳಾದವು. 2001ರಲ್ಲಿ ಲಾತಾದ ಗ್ರಾಮಸ್ಥರು ಕೂಡಿ ಒಂದು ಘೋಷಣೆಯನ್ನು ಹೊರಡಿಸಿದರು. ಪ್ರವಾಸೋದ್ಯಮವು ಬರುವುದಾದರೆ ಅದು ಊರವರ ಒಪ್ಪಿಗೆಯಿಂದ, ಊರವರ ಕೈಯಿಂದ, ಪರ್ವತಕ್ಕೆ ಕೇಡಾಗದಂತೆ ನಡೆಯಬೇಕೆಂಬುದು ಅದರ ಸಾರ. 2003ರಲ್ಲಿ ಉದ್ಯಾನದ ಹೊರ ಅಂಚಿನ ಒಂದು ಹಾದಿಯನ್ನು, ಮಿತವಾದ ಸಂಖ್ಯೆಯ ಚಾರಣಿಗರಿಗೆ, ಸ್ಥಳೀಯ ಮಾರ್ಗದರ್ಶಕರ ಜೊತೆಯಲ್ಲಿ ಹೋಗುವ ಕಟ್ಟಳೆಯ ಮೇಲೆ ತೆರೆಯಲಾಯಿತು. ಲಾತಾದಿಂದ ಕಾಡನ್ನು ಹಾಯ್ದು ಧರಾಂಸಿಯ ಕಡೆಗೆ ಏರುವ ಆ ಹಾದಿಯಿಂದ ನಂದಾದೇವಿಯ ದರ್ಶನವಾಗುತ್ತದೆ. ಅವಳ ಅಂಗಳವನ್ನು ತುಳಿಯುವ ಅವಕಾಶವಿಲ್ಲ. ದರ್ಶನಕ್ಕೂ ಸ್ಪರ್ಶಕ್ಕೂ ನಡುವೆ ಒಂದು ಅಂತರವನ್ನು ಗರ್ಭಗುಡಿಯ ಹೊಸ್ತಿಲಲ್ಲಿ ನಾವು ಸಹಜವೆಂದೇ ಒಪ್ಪುತ್ತೇವೆ. ಇಲ್ಲಿಯೂ ಹಾಗೆಯೇ ಒಪ್ಪುವುದು ಕಷ್ಟವಾಗಬಾರದು.

ಹೂಕಣಿವೆಯ ಹಾದಿ

ಈಗ ತೆರೆದ ಬಾಗಿಲಿನ ಕಡೆಗೆ ಬರೋಣ. 1931ರಲ್ಲಿ ಕಾಮೆಟ್ ಶಿಖರವನ್ನು ಏರಿ ಹಿಂದಿರುಗುತ್ತಿದ್ದ ಫ್ರಾಂಕ್ ಸ್ಮೈತ್ ಮತ್ತು ಆತನ ಸಂಗಡಿಗರು ಮಳೆ ಮಂಜಿನ ನಡುವೆ ಕಣಿವೆಯೊಂದಕ್ಕೆ ಇಳಿದಾಗ, ಕಾಲಿಡಲು ತಾವಿಲ್ಲದಂತೆ ಅರಳಿ ನಿಂತ ಹೂಗಳನ್ನು ಕಂಡರು. ಸ್ಮೈತ್ 1937ರಲ್ಲಿ ಮತ್ತೆ ಬಂದು ಅಲ್ಲಿ ಸಸ್ಯಗಳನ್ನು ಸಂಗ್ರಹಿಸಿ, 1938ರಲ್ಲಿ ಪ್ರಕಟಿಸಿದ ಗ್ರಂಥದಿಂದ ಹೂಕಣಿವೆ ಎಂಬ ಹೆಸರು ಜಗತ್ತಿಗೆ ಪರಿಚಯವಾಯಿತು. ಊರವರಿಗೆ ಅದು ಮೊದಲಿನಿಂದಲೂ ತಿಳಿದಿದ್ದ ಭ್ಯೂಂಡಾರ್ ಕಣಿವೆಯೇ. 1939ರಲ್ಲಿ ಜೋನ್ ಮಾರ್ಗರೆಟ್ ಲೆಗ್ ಎಂಬ ಮಹಿಳೆಯು ಸಸ್ಯಸಂಗ್ರಹಕ್ಕೆಂದು ಒಬ್ಬಳೇ ಇಲ್ಲಿಗೆ ಬಂದು, ಕಡಿದಾದ ಇಳಿಜಾರಿನಲ್ಲಿ ಜಾರಿಬಿದ್ದು ತೀರಿಕೊಂಡಳು. ಅವಳ ಸಮಾಧಿಯು ಹೂಗಳ ನಡುವೆಯೇ ಇದೆ. ಹೋದವರೆಲ್ಲರೂ ಅಲ್ಲಿ ಒಂದು ಕ್ಷಣ ನಿಲ್ಲುತ್ತಾರೆ.

ಉದ್ಯಾನದ ವಿಸ್ತಾರ 87.5 ಚದರ ಕಿಲೋಮೀಟರು. ಗೋವಿಂದಘಾಟಿನಿಂದ ಹೊರಟ ಯಾತ್ರಿಕರು ಸುಮಾರು 3,050 ಮೀಟರು ಎತ್ತರದ ಘಾಂಘರಿಯಾದಲ್ಲಿ ತಂಗುತ್ತಾರೆ. ಅಲ್ಲಿಂದ ಒಂದು ದಾರಿ ಸಿಖ್ಖರ ಪವಿತ್ರ ಕ್ಷೇತ್ರವಾದ ಹೇಮಕುಂಡಕ್ಕೆ ಏರುತ್ತದೆ. ಇನ್ನೊಂದು ಪುಷ್ಪಾವತಿ ನದಿಯನ್ನು ದಾಟಿ ಹೂಕಣಿವೆಗೆ ಹೋಗುತ್ತದೆ. ಜೂನ್ ಮೊದಲ ದಿನದಿಂದ ಅಕ್ಟೋಬರ್ ಕೊನೆಯವರೆಗೆ ಮಾತ್ರ ಪ್ರವೇಶವುಂಟು. ಬೆಳಗ್ಗೆ ಒಳಹೊಕ್ಕವರು ಸಂಜೆಯೊಳಗೆ ಹೊರಬರಲೇಬೇಕು. ಗುಡಾರ ಹಾಕುವಂತಿಲ್ಲ, ಒಲೆ ಹೊತ್ತಿಸುವಂತಿಲ್ಲ, ಹೂ ಕೀಳುವಂತಿಲ್ಲ. ರಾತ್ರಿಯ ಕಣಿವೆಯು ಕರಡಿ, ಹಿಮಚಿರತೆ, ಕಸ್ತೂರಿ ಮೃಗಗಳಿಗೆ ಮೀಸಲು.

ಎತ್ತರದ ಬದುಕು

ಇಷ್ಟು ಹೂಗಳು ಇಲ್ಲಿ ಏಕೆ, ಅದೂ ಎರಡೇ ತಿಂಗಳಲ್ಲಿ ಏಕೆ, ಎಂಬುದು ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ. ಬೆಟ್ಟವನ್ನು ಏರುತ್ತ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು ಆರು ಡಿಗ್ರಿಯಷ್ಟು ಉಷ್ಣತೆ ಕಡಿಮೆಯಾಗುತ್ತದೆ. ಕೆಳಗೆ ಓಕ್ ಮತ್ತು ದೇವದಾರು, ಅದರ ಮೇಲೆ ಫರ್ ಮತ್ತು ರೊಡೊಡೆಂಡ್ರಾನ್, ಕೊನೆಯಲ್ಲಿ ಭೂರ್ಜವೃಕ್ಷ; ಸುಮಾರು 3,500 ಮೀಟರಿನ ಆಚೆಗೆ ಮರಗಳು ಬಾಳಲಾರವು. ಪ್ರಾಚೀನರು ಗ್ರಂಥಗಳನ್ನು ಬರೆದ ಭೂರ್ಜಪತ್ರವು ಈ ಮರದ ತೊಗಟೆಯೇ. ಮರಗಳ ನೆರಳು ಮುಗಿದಲ್ಲಿ ಹುಲ್ಲು ಹೂಗಳ ರಾಜ್ಯ ಪ್ರಾರಂಭವಾಗುತ್ತದೆ. ಹಿಮ ಕರಗುವುದು ಜೂನಿನಲ್ಲಿ, ಮತ್ತೆ ಬೀಳತೊಡಗುವುದು ಅಕ್ಟೋಬರಿನಲ್ಲಿ. ಈ ನಡುವೆ ಸಸ್ಯವು ಚಿಗುರಿ, ಅರಳಿ, ಪರಾಗಸ್ಪರ್ಶ ಹೊಂದಿ, ಬೀಜ ಬಲಿತು ಮುಗಿಯಬೇಕು. ಸಮಯದ ಅಭಾವವೇ ಎಲ್ಲ ಹೂಗಳನ್ನೂ ಒಟ್ಟಿಗೆ ಅರಳಿಸುತ್ತದೆ.

ಹಿಮ ಕರಗಿದ ಅಂಚಿನಲ್ಲೇ ಪ್ರಿಮುಲಾ, ಅನಿಮೋನ್‌ಗಳು ಮೊದಲು ತಲೆಯೆತ್ತುತ್ತವೆ. ಜುಲೈ ಆಗಸ್ಟ್ ತಿಂಗಳುಗಳಲ್ಲಿ ನೀಲಿ ಗಸಗಸೆಯ ಹೂವೂ, ನಮ್ಮ ಹಿತ್ತಲಿನ ಗೌರಿ ಹೂವಿನ ಬಂಧುವಾದ ಕಾಡುಬಾಲ್ಸಮ್ಮೂ ಕಣಿವೆಯನ್ನು ತುಂಬುತ್ತವೆ. ಮೇಲಿನ ಬಂಡೆಗಳ ನಡುವೆ ಬ್ರಹ್ಮಕಮಲವು ಅರಳುತ್ತದೆ. ನಮ್ಮ ಮನೆಗಳಲ್ಲಿ ರಾತ್ರಿ ಅರಳುವ, ಬ್ರಹ್ಮಕಮಲವೆಂದು ನಾವು ಕರೆಯುವ ಹೂವು ಇದಲ್ಲ. ಅದು ಅಮೆರಿಕ ಖಂಡದಿಂದ ಬಂದ ಒಂದು ಕಳ್ಳಿಯ ಜಾತಿ. ಹಿಮಾಲಯದ ಬ್ರಹ್ಮಕಮಲವು ಸೂರ್ಯಕಾಂತಿಯ ಕುಟುಂಬದ್ದು. ಅದರ ನಿಜವಾದ ಹೂಗಳು ಸಣ್ಣವಾಗಿ, ನೇರಳೆ ಬಣ್ಣದವಾಗಿ ಒಳಗೆ ಅಡಗಿರುತ್ತವೆ. ಸುತ್ತಲೂ ಕಾಣುವ ತೆಳುಹಳದಿಯ ಕಾಗದದಂಥ ಎಲೆಗಳು ಬೆಳಕನ್ನು ಒಳಬಿಟ್ಟು ಚಳಿಯನ್ನು ತಡೆದು ಹೂಗಳನ್ನು ಕಾಯುತ್ತವೆ. ಬ್ರಹ್ಮಕಮಲವು ಉತ್ತರಾಖಂಡದ ರಾಜ್ಯಪುಷ್ಪ, ಕಸ್ತೂರಿ ಮೃಗವು ರಾಜ್ಯಪ್ರಾಣಿ, ಬಣ್ಣಬಣ್ಣದ ಮೋನಾಲ್ ರಾಜ್ಯಪಕ್ಷಿ. ಮೂರೂ ಈ ಉದ್ಯಾನಗಳ ನಿವಾಸಿಗಳು.

ಹೂಕಣಿವೆಯು ಕಲಿಸಿದ ಪಾಠವೊಂದು ಸೂಕ್ಷ್ಮವಾದುದು. 1982ರ ಬಳಿಕ ಊರವರ ಕುರಿಗಳ ಮೇವು ನಿಂತಿತು. ಅನಂತರದ ವರ್ಷಗಳಲ್ಲಿ ಊರವರು ಅಮೇಲಾ ಎಂದು ಕರೆಯುವ, ಆಳೆತ್ತರಕ್ಕೆ ಬೆಳೆಯುವ ಕಳೆಯೊಂದು ಕಣಿವೆಯ ಅನೇಕ ಭಾಗಗಳನ್ನು ಆವರಿಸಿತು. ಮೇವು ನಿಂತದ್ದೇ ಇದಕ್ಕೆ ಕಾರಣವೆಂದು ಕೆಲವರು, ಅಲ್ಲವೆಂದು ಕೆಲವರು ವಾದಿಸುತ್ತಾರೆ. ಪಂಡಿತರ ತರ್ಕ ಏನೇ ಇರಲಿ, ಅರಣ್ಯ ಇಲಾಖೆಯವರು ಕಳೆಯನ್ನು ಕೈಯಿಂದ ಕೀಳಿಸುತ್ತ ಬಂದಿದ್ದಾರೆ. ಬೇಲಿ ಹಾಕಿದ ಮಾತ್ರಕ್ಕೆ ರಕ್ಷಣೆಯು ಮುಗಿಯುವುದಿಲ್ಲ. ದಿನವೂ ನೋಡಿಕೊಳ್ಳುವ ಕೈಗಳು ಬೇಕು. ಆ ಕೈಗಳು ಬಹುಮಟ್ಟಿಗೆ ಸುತ್ತಲಿನ ಊರವರವೇ. ಹೇಮಕುಂಡದ ಹಾದಿಯಲ್ಲಿ ಲಕ್ಷಾಂತರ ಯಾತ್ರಿಕರು ಬಿಸುಟ ಕಸವನ್ನು ಆಯುವ ಕಾರ್ಯವನ್ನು ಭ್ಯೂಂಡಾರಿನ ಗ್ರಾಮಸ್ಥರ ಸಮಿತಿಯೇ ವಹಿಸಿಕೊಂಡಿತು.

ಪರ್ವತದ ಎಚ್ಚರಿಕೆ

ಪರ್ವತವು ಸೌಮ್ಯವೆಂದು ಭ್ರಮಿಸಲಾಗದು. 2013ರ ಜೂನ್ ತಿಂಗಳ ಮಹಾಪ್ರವಾಹವು ಕೇದಾರವನ್ನು ಧ್ವಂಸಗೊಳಿಸಿದ ಸಂಗತಿಯನ್ನು ನಮ್ಮ ಜನರು ಮರೆತಿಲ್ಲ. ಅದೇ ದಿನಗಳಲ್ಲಿ ಹೂಕಣಿವೆಯ ಹಾದಿಯ ಭ್ಯೂಂಡಾರ್ ಊರೂ ಗೋವಿಂದಘಾಟಿನ ಸೇತುವೆಯೂ ಕೊಚ್ಚಿಹೋದವು. 2021ರ ಫೆಬ್ರವರಿ 7ರಂದು ನಂದಾದೇವಿ ಪ್ರದೇಶದ ರೋಂಟಿ ಶಿಖರದಿಂದ ಬಂಡೆ ಮತ್ತು ಹಿಮದ ಮಹಾರಾಶಿಯೊಂದು ಕಳಚಿಬಿದ್ದು, ಋಷಿಗಂಗೆಯಲ್ಲಿ ಕೆಸರಿನ ಪ್ರಳಯವಾಗಿ ಹರಿದು, ಇನ್ನೂರಕ್ಕೂ ಹೆಚ್ಚು ಜನರು ಮೃತರಾದರು ಇಲ್ಲವೆ ಕಾಣೆಯಾದರು. ಅವರಲ್ಲಿ ಬಹುಸಂಖ್ಯೆಯವರು ಕಮರಿಯ ಕೆಳಗೆ ಕಟ್ಟುತ್ತಿದ್ದ ಜಲವಿದ್ಯುತ್ ಸ್ಥಾವರಗಳ ಕೆಲಸಗಾರರು. ಚಿಪ್ಕೋದ ರೇಣಿಯೂ ಆ ದಿನ ನಲುಗಿತು. ಉದ್ಯಾನದ ಗಡಿಯೊಳಗೆ ನಾವು ಎಷ್ಟೇ ಎಚ್ಚರದಿಂದಿದ್ದರೂ, ಗಡಿಯ ಕೆಳಗೆ ಎಚ್ಚರ ತಪ್ಪಿದರೆ ಬೆಲೆ ತೆರುವವರು ಬಡವರೇ ಎಂಬುದು ಇದರಿಂದ ವಿದಿತವಾಗುತ್ತದೆ.

ಎತ್ತರವು ಪ್ರತಿಯೊಬ್ಬ ಯಾತ್ರಿಕನ ದೇಹಕ್ಕೂ ತನ್ನದೇ ನಿಯಮವನ್ನು ವಿಧಿಸುತ್ತದೆ. ಹೂಕಣಿವೆಯ ಎತ್ತರದಲ್ಲಿ ವಾಯುವಿನ ಒತ್ತಡವು ಸಮುದ್ರಮಟ್ಟದ ಮೂರನೆಯ ಎರಡು ಭಾಗದಷ್ಟೇ ಇರುತ್ತದೆ; ಉಸಿರೊಂದಕ್ಕೆ ದೊರೆಯುವ ಆಮ್ಲಜನಕವೂ ಅಷ್ಟಕ್ಕಷ್ಟೆ. ಆದುದರಿಂದ ನಿಧಾನವಾಗಿ ಏರಬೇಕು. ಮೂರು ಸಾವಿರ ಮೀಟರಿನ ಮೇಲೆ ಮಲಗುವ ತಾಣವನ್ನು ದಿನಕ್ಕೆ ಮುನ್ನೂರರಿಂದ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದು. ತಲೆನೋವು, ವಾಕರಿಕೆ, ಆಯಾಸ ಕಾಣಿಸಿದರೆ ಮುಂದೆ ಹೋಗದೆ ವಿಶ್ರಮಿಸಬೇಕು. ಉಸಿರು ಕಟ್ಟಿದರೆ ಅಥವಾ ನಡಿಗೆ ತೂರಾಡಿದರೆ ತಡಮಾಡದೆ ಕೆಳಗಿಳಿಯಬೇಕು. ಇಳಿಯುವುದೇ ಮೊದಲ ಔಷಧ. ಗೆಳೆಯರ ಮುಂದೆ ನಾಚಿ ನೋವನ್ನು ಮುಚ್ಚಿಟ್ಟುಕೊಳ್ಳುವ ಹುಡುಗನೇ ಹೆಚ್ಚು ಅಪಾಯಕ್ಕೆ ಗುರಿಯಾಗುತ್ತಾನೆಂಬುದನ್ನು ಅಧ್ಯಾಪಕರು ನೆನಪಿನಲ್ಲಿಡತಕ್ಕದ್ದು.

ನಮಗೆ ದೊರೆಯುವ ಶಿಕ್ಷಣ

ಪ್ರವಾಸವು ವಿದ್ಯಾಭ್ಯಾಸದ ಒಂದು ಅಂಗವೆಂದು ನಾವು ಹೇಳುತ್ತಲೇ ಬಂದಿದ್ದೇವೆ. ಆದರೆ ಎಷ್ಟು ಸ್ಥಳಗಳನ್ನು ನೋಡಿದೆವೆಂಬ ಲೆಕ್ಕವನ್ನೇ ಮಕ್ಕಳಿಗೆ ಕಲಿಸಿದರೆ, 1974ರಿಂದ 1982ರವರೆಗೆ ನಂದಾದೇವಿಯ ಅಂಗಳದಲ್ಲಿ ನಡೆದುದೇ ಪ್ರತಿ ಬೆಟ್ಟದಲ್ಲಿಯೂ ನಡೆದೀತು. ಆ ಆರೋಹಿಗಳು ದುಷ್ಟರೇನಲ್ಲ, ಪರ್ವತವನ್ನು ಪ್ರೀತಿಸಿದವರೇ. ಪ್ರೀತಿಯ ಜೊತೆಗೆ ಇರಬೇಕಾದ ಮಿತಿ ಅವರಲ್ಲಿ ಇರಲಿಲ್ಲ. ಬಾಗಿಲು ಮುಚ್ಚಿದ ಅಧಿಕಾರಿಗಳೂ ಕೆಟ್ಟವರಲ್ಲ. ಅಂಗಳದಲ್ಲಿ ಬಾಳಿದವರ ಮಾತನ್ನು ಕೇಳುವ ತಾಳ್ಮೆ ಅವರಲ್ಲಿ ಇರಲಿಲ್ಲ. ಮೊದಲನೆಯ ಕೊರತೆಯಿಂದ ಪರ್ವತ ನೊಂದಿತು, ಎರಡನೆಯದರಿಂದ ಜನ ನೊಂದರು.

ಆದಕಾರಣ ಬೆಟ್ಟಕ್ಕೆ ಹೊರಡುವ ಮುನ್ನ ಮಕ್ಕಳಿಗೆ ಕೆಲವನ್ನಾದರೂ ತಿಳಿಸಬೇಕು: ಕೊಂಡೊಯ್ದುದನ್ನೆಲ್ಲ ಮರಳಿ ಕೊಂಡುಬರುವುದು, ಹಾದಿ ಬಿಟ್ಟು ಹುಲ್ಲನ್ನು ತುಳಿಯದಿರುವುದು, ಆ ಊರಿನ ಮಾರ್ಗದರ್ಶಕನನ್ನು ಗುರುವೆಂದು ಭಾವಿಸಿ ಅವನ ಮಾತಿನಂತೆ ನಡೆಯುವುದು, ಮುಂದೆ ಹೋಗಬೇಡಿರೆಂದು ಹೇಳಿದಲ್ಲಿ ಬೇಸರಪಡದೆ ನಿಲ್ಲುವುದು. ಇವುಗಳಿಗೆ ಹಣ ಬೇಕಾಗಿಲ್ಲ. ಹಿಮಾಲಯಕ್ಕೇ ಹೋಗಬೇಕೆಂದೂ ಇಲ್ಲ; ಊರ ಹೊರಗಿನ ಗುಡ್ಡದಲ್ಲಿಯೇ ಇವನ್ನು ಅಭ್ಯಾಸ ಮಾಡಬಹುದು. ಹಾಗೆ ಅಭ್ಯಾಸವಾದ ಹುಡುಗನು ಎಂದಾದರೂ ಲಾತಾದ ಮೇಲಣ ಹಾದಿಯಲ್ಲಿ ನಿಂತು, ದೂರದಲ್ಲಿ ಮೋಡ ಸರಿದು ನಂದಾದೇವಿಯು ಕಾಣಿಸಿಕೊಂಡಾಗ, ಅಲ್ಲಿಯೇ ಕೈಮುಗಿದು ತೃಪ್ತನಾಗಿ ಹಿಂದಿರುಗಬಲ್ಲನು.